ಮಗು ಮೊದಲು ಯಾರಿಗೆ ಹೇಳುತ್ತದೆ?

ಮಕ್ಕಳು ಅಲ್ಲಾಹನ ಅನುಗ್ರಹ ಮಾತ್ರವಲ್ಲ, ಅವನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ ಕೂಡಾ. ಅಮಾನತ್ ಎಂದರೆ ಒಡೆಯನು ಒಂದು ದಿನ ಲೆಕ್ಕ ಕೇಳುವ ಸೊತ್ತು. ಪ್ರತಿಯೊಬ್ಬನೂ ತನ್ನ ಪಾಲನೆಯಲ್ಲಿರುವವರ ಬಗ್ಗೆ ಉತ್ತರಿಸಬೇಕಾಗುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವರು.

ಈ ಲೆಕ್ಕವನ್ನು ನಾವು ಹೆಚ್ಚಾಗಿ ಊಟ, ಬಟ್ಟೆ, ಶಾಲೆಯ ಫೀಸು, ಮದ್ರಸದ ಪಾಠಗಳಿಗೆ ಸೀಮಿತಗೊಳಿಸುತ್ತೇವೆ. ಇವೆಲ್ಲವೂ ಬೇಕು. ಆದರೆ ಹೆತ್ತವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಿಮ್ಮ ಮಗುವಿಗೆ ಮೈಯಲ್ಲೋ ಮನಸ್ಸಿನಲ್ಲೋ ನೋವಾದಾಗ ಅದು ಮೊದಲು ಯಾರ ಬಳಿಗೆ ಬರುತ್ತದೆ? ನಿಮ್ಮ ಬಳಿಗೋ, ಅಥವಾ ನಿಮ್ಮಿಂದ ಬಚ್ಚಿಡುತ್ತದೆಯೋ?

ಕನಸನ್ನು ಆಲಿಸಿದ ತಂದೆ

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವು ಒಬ್ಬ ಮಗ ತನ್ನ ತಂದೆಯೊಡನೆ ಮಾತನಾಡುವುದರೊಂದಿಗೆ ಕಥೆಯನ್ನು ಆರಂಭಿಸುತ್ತದೆ. ಹನ್ನೊಂದು ನಕ್ಷತ್ರಗಳೂ ಸೂರ್ಯ ಚಂದ್ರರೂ ತನಗೆ ಬಾಗಿದ ವಿಚಿತ್ರ ಕನಸನ್ನು ಯೂಸುಫ್(ಅ) ಹೇಳಿದ್ದು ತಂದೆ ಯಾಕೂಬ್(ಅ)ರಿಗೆ. ತಂದೆ ನಗಲಿಲ್ಲ. ಕನಸೆಲ್ಲ ಸುಳ್ಳು, ಹೋಗಿ ಕೆಲಸ ನೋಡು ಎಂದು ಗದರಲಿಲ್ಲ. ಮಮತೆಯಿಂದ ಮಗನೇ ಎಂದು ಕರೆದರು. ಅದರಲ್ಲಿದ್ದ ಅಪಾಯವನ್ನು ಅರಿತು, ಸಹೋದರರಿಗೆ ಹೇಳಬೇಡವೆಂದು ಎಚ್ಚರಿಸಿದರು. ಬಳಿಕ ಭರವಸೆಯ ಮಾತನ್ನೂ ಹೇಳಿದರು.

ಇಲ್ಲಿರುವ ಕ್ರಮವನ್ನು ಗಮನಿಸಿರಿ. ಮೊದಲು ಆಲಿಸುವುದು, ಬಳಿಕ ರಕ್ಷಿಸುವುದು, ಕೊನೆಗೆ ಧೈರ್ಯ ತುಂಬುವುದು. ಆಲಿಸದ ತಂದೆಗೆ ಅಪಾಯ ಗೊತ್ತಾಗುವುದೇ ಇಲ್ಲ. ಗೊತ್ತಾಗದ ಅಪಾಯದಿಂದ ಮಗುವನ್ನು ಕಾಪಾಡುವುದಾದರೂ ಹೇಗೆ?

ಶರೀರದ ಹಕ್ಕು

ನಮ್ಮ ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ತನ್ನ ಹಕ್ಕನ್ನು ಕೇಳಲು ತಿಳಿಯದ ಮಗುವಿನ ಶರೀರದ ವಿಷಯದಲ್ಲಿ ಈ ಹೊಣೆ ಇನ್ನಷ್ಟು ಹೆಚ್ಚು. ಎದೆಹಾಲಿನ ಬಗ್ಗೆ ಕುರ್‌ಆನ್ ಎರಡು ಪೂರ್ಣ ವರ್ಷಗಳ ಅವಧಿಯನ್ನು ಹೇಳಿದೆ. ಮೊದಲ 6 ತಿಂಗಳು ನೀರನ್ನೂ ಕೊಡದೆ ಎದೆಹಾಲನ್ನು ಮಾತ್ರ ಕೊಡಬೇಕೆಂದೂ, ಆ ಬಳಿಕ ಮೆತ್ತಗಿನ ಆಹಾರದೊಂದಿಗೆ 2 ವರ್ಷ ಮತ್ತು ಅದಕ್ಕೂ ಹೆಚ್ಚು ಕಾಲ ಮುಂದುವರಿಸಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ.

ಲಸಿಕೆಗಳನ್ನು ಹುಟ್ಟಿದಾಗ, 6, 10 ಮತ್ತು 14 ವಾರಗಳಲ್ಲಿ, 9 ತಿಂಗಳಲ್ಲಿ, ಒಂದೂವರೆ ವರ್ಷದ ಆಸುಪಾಸಿನಲ್ಲಿ ತಪ್ಪದೆ ಹಾಕಿಸಿರಿ. 5, 10 ಮತ್ತು 16ನೇ ವಯಸ್ಸಿನ ಲಸಿಕೆಗಳನ್ನು ಅನೇಕರು ಮರೆತೇಬಿಡುತ್ತಾರೆ. ಒಂದು ಕಾಲದಲ್ಲಿ ಪೋಲಿಯೋ ಹನಿಯ ಬಗ್ಗೆ ನಮ್ಮ ಸಮುದಾಯದಲ್ಲಿ ವದಂತಿಗಳು ಹಬ್ಬಿದ್ದವು. ಉಲಮಾಗಳೇ ಮುಂದೆ ನಿಂತು ಆ ಭಯವನ್ನು ಹೋಗಲಾಡಿಸಿದರು. 2011ರ ಜನವರಿಯ ಬಳಿಕ ಭಾರತದಲ್ಲಿ ಕಾಡು ಪೋಲಿಯೋ ವೈರಸ್‌ನಿಂದ ಒಂದು ಮಗುವೂ ಕಾಲು ಕಳೆದುಕೊಂಡಿಲ್ಲ. 2014ರಲ್ಲಿ ನಮ್ಮ ದೇಶವು ಪೋಲಿಯೋ ಮುಕ್ತವೆಂದು ಘೋಷಿಸಲ್ಪಟ್ಟಿತು. ಗಾಳಿಮಾತನ್ನು ನಂಬುವ ಮೊದಲು ಅದನ್ನು ಪರಿಶೀಲಿಸಬೇಕೆಂಬ ಕುರ್‌ಆನಿನ ಆಜ್ಞೆ ಇಲ್ಲಿಗೂ ಅನ್ವಯಿಸುತ್ತದೆ.

ಮಗುವಿಗೆ ಭೇದಿಯಾದಾಗ ಹಾಲು, ಆಹಾರ ನಿಲ್ಲಿಸಬೇಡಿರಿ. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಆಗಾಗ ಕುಡಿಸಿರಿ. ಕಣ್ಣು ಒಳಸೇರಿದ್ದರೆ, ಮಗು ಕುಡಿಯಲಾರದೆ ಸೋತು ಮಲಗಿದ್ದರೆ, ಮಲದಲ್ಲಿ ರಕ್ತವಿದ್ದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯಿರಿ.

ನಿದ್ದೆಯ ವಿಷಯ ಇನ್ನೂ ಗಂಭೀರ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕು. ನಮ್ಮ ಮಕ್ಕಳು ಮುಂಜಾನೆಯೇ ಎದ್ದು ಮದ್ರಸಕ್ಕೆ, ಅಲ್ಲಿಂದ ಶಾಲೆಗೆ, ಸಂಜೆ ಟ್ಯೂಶನ್‌ಗೆ ಹೋಗುತ್ತಾರೆ. ರಾತ್ರಿ ಹನ್ನೊಂದರ ವರೆಗೆ ಮನೆಯ ಟಿ.ವಿ., ಮೊಬೈಲು ಉರಿಯುತ್ತಿದ್ದರೆ ಅವರು ಮಲಗುವುದು ಯಾವಾಗ? ಇಶಾದ ಬಳಿಕ ಮಾತುಕತೆಯಲ್ಲಿ ಕಾಲ ಕಳೆಯುವುದನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಈ ಸುನ್ನತ್ತನ್ನು ಮೊದಲು ಹಿರಿಯರು ಪಾಲಿಸಬೇಕು.

ಹೊಟ್ಟೆನೋವಿನ ಹಿಂದೆ

‘ಉಮ್ಮಾ, ಹೊಟ್ಟೆ ನೋಯ್ತಿದೆ, ಶಾಲೆಗೆ ಹೋಗಲ್ಲ’ ಎಂದು ಮಗು ಬೆಳಿಗ್ಗೆ ಅಳುತ್ತದೆ. ಇದೆಲ್ಲ ನಾಟಕವೆಂದು ನಾವು ಗದರಿ ಕಳುಹಿಸುತ್ತೇವೆ. ಮೊದಲು ವೈದ್ಯರಿಗೆ ತೋರಿಸಿರಿ. ಅವರು ಹೊಟ್ಟೆಯಲ್ಲಿ ಏನೂ ದೋಷವಿಲ್ಲವೆಂದರೂ ಮಗು ಸುಳ್ಳು ಹೇಳಿತೆಂದು ಅರ್ಥವಲ್ಲ. ಭಯ ಮತ್ತು ದುಃಖ ಮಕ್ಕಳಲ್ಲಿ ಎಷ್ಟೋ ಸಲ ಹೊಟ್ಟೆನೋವು, ತಲೆನೋವುಗಳಾಗಿ ಕಾಣಿಸಿಕೊಳ್ಳುತ್ತವೆ. ಆ ನೋವು ನಿಜವಾದುದೇ.

ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಆರಂಭವಾಗುವುದು, ಊಟ ನಿದ್ದೆ ಕೆಡುವುದು, ಆಟದಲ್ಲಿ ಆಸಕ್ತಿ ಇಲ್ಲವಾಗುವುದು, ಅಂಕ ಹಠಾತ್ತನೆ ಕುಸಿಯುವುದು, ಒಬ್ಬ ವ್ಯಕ್ತಿಯ ಹೆಸರೆತ್ತಿದರೆ ಹೆದರುವುದು – ಇವು ಕೂಡಾ ಮಗು ಬಾಯಿಬಿಟ್ಟು ಹೇಳಲಾಗದ ಮಾತುಗಳು. ಬಸ್ಸಿನಲ್ಲಿ ಯಾರೋ ಪೀಡಿಸುತ್ತಿರಬಹುದು. ತರಗತಿಯಲ್ಲಿ ಅವಮಾನವಾಗಿರಬಹುದು. ಪರಿಚಿತರೊಬ್ಬರು, ಬಂಧುವೇ ಆಗಿರಬಹುದು, ಕೆಟ್ಟದಾಗಿ ಮುಟ್ಟಿರಬಹುದು. ಹೀಗೇನಾದರೂ ಮಗು ಹೇಳಿದರೆ ಅದನ್ನು ನಂಬಿರಿ. ಅದರ ತಪ್ಪಿಲ್ಲವೆಂದು ಸ್ಪಷ್ಟವಾಗಿ ಹೇಳಿರಿ. ಮನೆತನದ ಮಾನದ ಹೆಸರಲ್ಲಿ ಮುಚ್ಚಿಡುವುದು ಅಕ್ರಮಿಗೆ ನೀಡುವ ಸಹಾಯ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ತೆರೆದಿದೆ. ಮನಸ್ಸಿನ ತೊಂದರೆಗಳಿಗೆ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಂಥ ಸಂದರ್ಭಗಳಲ್ಲಿ ಕೆಲವರು ದೃಷ್ಟಿ ತಾಗಿದೆಯೆಂದು ಊದಿಸಿ ಸುಮ್ಮನಾಗುತ್ತಾರೆ. ಪ್ರವಾದಿವರ್ಯರು(ಸ) ಹಸನ್ ಮತ್ತು ಹುಸೈನ್(ರ)ರಿಗಾಗಿ ಅಲ್ಲಾಹನ ರಕ್ಷೆ ಬೇಡುತ್ತಿದ್ದರು. ನಾವೂ ಬೇಡಬೇಕು. ಆದರೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರೂ ಅವರೇ. ದುಆ ಮದ್ದಿನ ಬದಲಿಗಲ್ಲ, ಮದ್ದಿನ ಜೊತೆಗೆ.

ಪುಟ್ಟ ಹಕ್ಕಿಯ ದುಃಖ

ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಸಾಕುಹಕ್ಕಿ ಸತ್ತುಹೋಗಿತ್ತು. ಹುಡುಗ ಸಪ್ಪಗಿದ್ದುದನ್ನು ಕಂಡ ಪ್ರವಾದಿವರ್ಯರು(ಸ) ಅವನ ಹೆಸರು ಹಿಡಿದು ಕರೆದು ಹಕ್ಕಿಯ ವಿಚಾರ ಕೇಳಿದರು. ಒಂದು ನಾಡಿನ ಆಡಳಿತ ಹೊತ್ತವರಿಗೆ ಒಂದು ಹಕ್ಕಿಯ ಸಾವು ಸಣ್ಣ ವಿಷಯವೆನಿಸಲಿಲ್ಲ. ಏಕೆಂದರೆ ಆ ಹುಡುಗನಿಗೆ ಅದು ದೊಡ್ಡದಾಗಿತ್ತು. ಇದೇ ಅನಸ್(ರ) ಹತ್ತು ವರ್ಷ ಅವರ ಸೇವೆ ಮಾಡಿದರು. ಛೇ ಎಂಬ ಮಾತನ್ನೂ ಒಮ್ಮೆಯೂ ಕೇಳಲಿಲ್ಲವೆಂದು ಅವರೇ ಹೇಳಿರುವರು.

ಹತ್ತು ಮಕ್ಕಳಿದ್ದರೂ ಒಬ್ಬನನ್ನೂ ಮುದ್ದಿಸಿಲ್ಲವೆಂದ ಅಕ್‌ರಅ್ ಬಿನ್ ಹಾಬಿಸ್‌ರಿಗೆ, ಕರುಣೆ ತೋರದವನಿಗೆ ಕರುಣೆ ಸಿಗದೆಂಬ ಉತ್ತರ ದೊರೆಯಿತು. ಮುದ್ದಿಸಿದರೆ ಮಕ್ಕಳು ಹಾಳಾಗುತ್ತಾರೆಂದು ಭಾವಿಸುವ ತಂದೆಯಂದಿರು ಇದನ್ನು ಮರೆಯಬಾರದು. ಶಿಸ್ತು ಬೇಕು, ನಿಜ. ಆದರೆ ಹೊಡೆತಕ್ಕೆ ಹೆದರುವ ಮಗು ತಪ್ಪನ್ನು ಬಿಡುವುದಕ್ಕಿಂತ ಮೊದಲು ಅದನ್ನು ಬಚ್ಚಿಡಲು ಕಲಿಯುತ್ತದೆ. ತಪ್ಪನ್ನು ಬಚ್ಚಿಡಲು ಕಲಿತ ಮಗು ನೋವನ್ನೂ ಬಚ್ಚಿಡುತ್ತದೆ.

ಗಲ್ಫ್‌ನಲ್ಲಿ ದುಡಿಯುವ ಸಹೋದರರೇ, ನಿಮ್ಮ ತ್ಯಾಗ ದೊಡ್ಡದು. ಫೋನಿನಲ್ಲಿ ಮಗನೊಡನೆ ಅಂಕ ಎಷ್ಟು, ನಮಾಝ್ ಮಾಡಿದೆಯಾ ಎಂದು ವಿಚಾರಿಸುವುದರ ಜೊತೆಗೆ, ಇಂದು ಯಾರೊಡನೆ ಆಡಿದೆ, ಯಾವುದಕ್ಕೆ ಬೇಸರವಾಯಿತು ಎಂದೂ ಕೇಳಿರಿ. ಊರಿನಲ್ಲಿರುವ ತಾಯಿ, ಮಗುವಿನ ಪ್ರತಿ ತಪ್ಪಿಗೂ ‘ಬಾಪಾನಿಗೆ ಹೇಳ್ತೇನೆ’ ಎಂದು ಹೆದರಿಸದಿರಲಿ. ದೂರದ ತಂದೆ ಮಗುವಿಗೆ ಬರೀ ಬೆದರಿಕೆಯಾಗಿ ಉಳಿಯಬಾರದು.

ದಿನಕ್ಕೆ ಹದಿನೈದು ನಿಮಿಷ ಮೊಬೈಲನ್ನು ಬದಿಗಿಟ್ಟು ಒಬ್ಬೊಬ್ಬ ಮಗುವಿನ ಬಳಿ ಕುಳಿತುಕೊಳ್ಳಿರಿ. ಉಪದೇಶ ಬೇಡ, ಅದು ಹೇಳಿದ್ದನ್ನು ಕೇಳಿದರೆ ಸಾಕು. ಗಂಡು ಹೆಣ್ಣೆಂಬ ಭೇದವೂ ಬೇಡ. ಇಂದು ಮುರಿದ ಪೆನ್ಸಿಲಿನ ಕಥೆಯನ್ನು ಆಲಿಸುವವರಿಗೇ ನಾಳೆ ಮಗು ತನ್ನ ದೊಡ್ಡ ಸಂಕಟವನ್ನು ಹೇಳುತ್ತದೆ.

ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸುವಂತೆ ನಾವು ಪ್ರಾರ್ಥಿಸುತ್ತೇವೆ. ನಮ್ಮನ್ನೂ ಅವರ ಮನಸ್ಸಿಗೆ ನೆರಳಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.