ಅಣ್ಣಾವ್ರ ಪದಗಳಲ್ಲಿ ಯಾವುದು ಮೇಲು: ಕೀಬೋರ್ಡ್ ಮೇಷ್ಟ್ರೊಬ್ಬರ ಅನುಭವದ ಪಾಠಗಳು

ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿನ ಊರುಗಳಲ್ಲಿ ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ರಸಮಂಜರಿ ಇಟ್ಟರೆ, ವೇದಿಕೆಯ ಮುಂದೆ ಒಂದು ಪಂಚಾಯಿತಿ ಸೇರಿಯೇ ಸೇರುತ್ತದೆ. ಅಣ್ಣಾವ್ರ, ಅಂದರೆ ರಾಜ್‌ಕುಮಾರ್ ಅವರ, ಪದಗಳಲ್ಲಿ ಮೊದಲನೆಯ ಸ್ಥಾನ ಯಾವುದಕ್ಕೆ, ಎರಡನೆಯದು ಯಾವುದಕ್ಕೆ ಎಂಬುದೇ ಅದರ ವಿಷಯ. ನಾನು ಮೊದಲು ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದೆ, ಆಮೇಲೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿಗೆ ಕೂತೆ. ಈ ಪಂಚಾಯಿತಿಯನ್ನು ಕಾಲು ಶತಮಾನಕ್ಕೂ ಮೀರಿ ಕೇಳಿಸಿಕೊಂಡಿದ್ದೇನೆ. ಇದನ್ನು ಹೊತ್ತು ಕಳೆಯುವ ಮಾತು ಎಂದು ನಾನು ಎಂದೂ ಎಣಿಸಿಲ್ಲ. ಹಾಡನ್ನು ಇಷ್ಟು ಕಿವಿಗೊಟ್ಟು ಕೇಳುವ ಜನ ಬೇರೆ ಕಡೆ ನನಗೆ ಸಿಕ್ಕಿಲ್ಲ.

ಇದಕ್ಕೆ ಕಾರಣವೂ ಇದೆ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನ ಹಿಂದಿರುವ ಸಿಂಗಾನಲ್ಲೂರು ನಮ್ಮ ಸೀಮೆಯ ಊರು. ರಾಜ್‌ಕುಮಾರ್ 1929ರ ಏಪ್ರಿಲ್ 24ರಂದು ಹುಟ್ಟಿದ ಗಾಜನೂರು ತಾಳವಾಡಿ ಕಡೆಯದು, ಇಂದು ತಮಿಳುನಾಡಿಗೆ ಸೇರಿದೆ. ಕೊಳ್ಳೇಗಾಲವೂ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಇಲ್ಲಿನವರು ಅಣ್ಣಾವ್ರ ಬಗ್ಗೆ ಮನೆಯವರ ಬಗ್ಗೆ ಮಾತಾಡುವಂತೆ ಮಾತಾಡುತ್ತಾರೆ, ಹಕ್ಕಿನಿಂದ.

1. ಅಣ್ಣಾವ್ರ ಪದ ಎಂದರೆ ಯಾವುದು ಎಂದು ಮೊದಲು ತೀರ್ಮಾನ ಮಾಡಿಕೊಳ್ಳಿ

ಚೀಟಿಯಲ್ಲಿ 'ಅಣ್ಣಾವ್ರ ಪದ' ಎಂದು ಬರೆದು ಕಳಿಸುವವರ ಮನಸ್ಸಿನಲ್ಲಿ ಮೂರು ಬಗೆಯ ಹಾಡು ಇರುತ್ತವೆ. ಅವರೇ ಹಾಡಿದ್ದು ಒಂದು. ಅವರಿಗಾಗಿ ಬೇರೆಯವರು ಹಾಡಿದ್ದು ಇನ್ನೊಂದು. ಅವರು ಬಾಯಿಯನ್ನೇ ತೆರೆಯದೆ, ಅವರ ಚಿತ್ರದಲ್ಲಿದೆ ಎನ್ನುವ ಕಾರಣಕ್ಕೇ ಅವರದಾದದ್ದು ಮೂರನೆಯದು. ಪಟ್ಟಿ ಕಟ್ಟುವಾಗ ಈ ಮೂರೂ ಬೆರೆತುಹೋದರೆ ಜಗಳಕ್ಕೆ ತುದಿಯೇ ಸಿಗುವುದಿಲ್ಲ.

1954ರ 'ಬೇಡರ ಕಣ್ಣಪ್ಪ'ದ 'ಶಿವಪ್ಪ ಕಾಯೋ ತಂದೆ' ಹಾಡಿದವರು ಸಿ.ಎಸ್. ಜಯರಾಮನ್. ಇದನ್ನು ಹೇಳಿದಾಗ ಒಬ್ಬ ಹಿರಿಯರು ನನ್ನನ್ನೇ ಗದರಿದರು: "ಪರದೆ ಮ್ಯಾಲ ಅಣ್ಣಾವ್ರೇ ತಾನೇ ಆಡ್ತಿರದು ಮೇಷ್ಟ್ರೇ, ಇನ್ನಾರು?" ಅವರನ್ನು ತಿದ್ದಲು ನನಗೆ ಮನಸ್ಸು ಬರಲಿಲ್ಲ. ಆ ಚಿತ್ರವನ್ನು ಟೆಂಟಿನಲ್ಲಿ ನೆಲಕ್ಕೆ ಕೂತು ನೋಡಿದವರಿಗೆ ದನಿ ಬೇರೆ, ಮುಖ ಬೇರೆ ಎಂಬ ಲೆಕ್ಕ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಆದರೆ ವೇದಿಕೆ ಮೇಲೆ ಕೂತವರಿಗೆ ಅದು ಗೊತ್ತಿರಲೇಬೇಕು. ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಯಾವ ಗಾಯಕನಿಗೆ ಕೊಡಬೇಕು, ಅಣ್ಣಾವ್ರೇ ಹಾಡಿದ್ದನ್ನು ಯಾರಿಗೆ ಕೊಡಬೇಕು ಎನ್ನುವುದು ಅಲ್ಲಿಂದಲೇ ನಿರ್ಧಾರವಾಗುತ್ತದೆ. ಒಂದು ದನಿ ರೇಷ್ಮೆ. ಇನ್ನೊಂದು ನಾಟಕದ ಕಂಪನಿಯಲ್ಲಿ, ಮೈಕಿಲ್ಲದ ರಂಗದಲ್ಲಿ ಹಿಂದಿನ ಸಾಲಿಗೂ ಕೇಳಬೇಕೆಂದು ಪಳಗಿದ ದನಿ.

2. 1974ರಲ್ಲಿ ಗೆರೆ ಎಳೆಯಿರಿ, ಗಟ್ಟಿಯಾಗಿ ಎಳೆಯಬೇಡಿ

ಅಣ್ಣಾವ್ರು 1956ರ 'ಓಹಿಲೇಶ್ವರ'ದಲ್ಲೇ ಹಾಡಿದ್ದರು. ಆದರೂ ತಮ್ಮ ಹಾಡನ್ನು ತಾವೇ ಹಾಡುವ ಕಾಲ ಶುರುವಾದದ್ದು 'ಸಂಪತ್ತಿಗೆ ಸವಾಲ್'ನಲ್ಲಿ, ಎಮ್ಮೆಯ ಮೇಲೆ ಕೂತು ಹಾಡುವ 'ಯಾರೇ ಕೂಗಾಡಲಿ'ಯಿಂದ. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅದೇ 1974ರ 'ಎರಡು ಕನಸು' ಚಿತ್ರದಲ್ಲಿ ರಾಜನ್-ನಾಗೇಂದ್ರ ಸಂಗೀತದಲ್ಲಿ ಅಣ್ಣಾವ್ರಿಗಾಗಿ ಹಾಡಿದವರು ಪಿ.ಬಿ. ಶ್ರೀನಿವಾಸ್. ಒಂದೇ ವರ್ಷ, ಒಬ್ಬರೇ ನಾಯಕ, ಎರಡು ಕಂಠ. ಈ ಎರಡನ್ನೂ ಒಂದರ ಹಿಂದೆ ಒಂದು ನುಡಿಸಿ ನೋಡಿ. ಪಿಬಿಎಸ್ ಅಭಿಮಾನಿಗಳೂ ಅಣ್ಣಾವ್ರ ಕಂಠದ ಅಭಿಮಾನಿಗಳೂ ಎರಡು ಗುಂಪಾಗಿ ಕೂರುತ್ತಾರೆ. ಅಂದಿನ ಕಾರ್ಯಕ್ರಮಕ್ಕೆ ಕಳೆ ಬರುವುದು ಅಲ್ಲಿಂದಲೇ.

3. 'ಬಬ್ರುವಾಹನ'ದ ಯುದ್ಧದ ಹಾಡನ್ನು ತಯಾರಿಯಿಲ್ಲದೆ ಮುಟ್ಟಬೇಡಿ

ನಮ್ಮ ಮೂರೂ ತಾಲ್ಲೂಕಿನಲ್ಲಿ 'ಕುರುಕ್ಷೇತ್ರ' ನಾಟಕ ಆಡದ ದೊಡ್ಡ ಊರು ಸಿಗುವುದು ಅಪರೂಪ. ಹಗಲು ಹೊಲ ಉತ್ತವರು, ಮಗ್ಗದಲ್ಲಿ ಕೂತವರು, ಅಂಗಡಿ ನೋಡಿಕೊಂಡವರು ರಾತ್ರಿ ಕಿರೀಟ ಕಟ್ಟಿ ದುರ್ಯೋಧನ, ಭೀಮ ಆಗುತ್ತಾರೆ. ತಿಂಗಳುಗಟ್ಟಲೆ ಅಭ್ಯಾಸ ನಡೆಯುತ್ತದೆ, ಹಾರ್ಮೋನಿಯಂ ಮೇಷ್ಟ್ರು ಒಬ್ಬೊಬ್ಬರಿಗೂ ಕಂದ, ವೃತ್ತ, ಸವಾಲು-ಜವಾಬು ಹೇಳಿಕೊಡುತ್ತಾರೆ. ಈ ಜನಕ್ಕೆ ಹಾಡೆಂದರೆ ಎದುರಾಳಿಯ ಮುಖ ನೋಡಿ ಹೇಳುವ ಮಾತು. ಅದಕ್ಕೇ 1977ರ 'ಬಬ್ರುವಾಹನ'ದ 'ಯಾರು ತಿಳಿಯರು' ಇಲ್ಲಿ ಯಾವ ಪಟ್ಟಿಯಲ್ಲೂ ಮೊದಲ ಐದರಿಂದ ಕೆಳಗಿಳಿಯುವುದಿಲ್ಲ.

ಆ ಹಾಡಿನ ಸೊಗಸು ನೋಡಿ. ಅರ್ಜುನನೂ ಬಬ್ರುವಾಹನನೂ ಇಬ್ಬರೂ ರಾಜ್‌ಕುಮಾರ್. ಅರ್ಜುನನ ದನಿ ಪಿಬಿಎಸ್, ಬಬ್ರುವಾಹನನ ದನಿ ಸ್ವತಃ ಅಣ್ಣಾವ್ರು. ಸಂಗೀತ ಟಿ.ಜಿ. ಲಿಂಗಪ್ಪ. ಎಷ್ಟೋ ವರ್ಷ ಅವರಿಗೆ ಕಂಠ ಕೊಟ್ಟವರೂ ಈಗ ಕಂಠ ವಾಪಸು ಪಡೆದವರೂ ಒಂದೇ ಹಾಡಿನಲ್ಲಿ ಎದುರುಬದುರು ನಿಂತಿದ್ದಾರೆ. ತಂದೆಯ ಪಾತ್ರಕ್ಕೆ ಹಳೆಯ ದನಿ, ಮಗನ ಪಾತ್ರಕ್ಕೆ ಹೊಸ ದನಿ. ಇಷ್ಟು ಅರ್ಥಪೂರ್ಣವಾದ ಆಯ್ಕೆ ಕನ್ನಡ ಚಿತ್ರಸಂಗೀತದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ವೇದಿಕೆಯಲ್ಲಿ ಇದನ್ನು ಒಬ್ಬನೇ ಗಾಯಕ ಎರಡು ದನಿ ಮಾಡಿ ಹಾಡುವುದನ್ನು ನಾನು ಒಪ್ಪುವುದಿಲ್ಲ. ಇಬ್ಬರು ಬೇಕು. ಅರ್ಜುನ ಹಾಡುವವನು ಮೆದುವಾಗಿ, ಹಿರಿತನದ ಗತ್ತಿನಲ್ಲಿ ಹಾಡಬೇಕು, ಕೂಗಬಾರದು. ಬಬ್ರುವಾಹನನದು ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳಬೇಕು. ಮಹಾಪ್ರಾಣ ತೊದಲಿದರೆ ಮುಂದಿನ ಸಾಲಿನಲ್ಲಿ ಕೂತ ನಾಟಕದ ಹಳೆಯ ದುರ್ಯೋಧನ ತಲೆ ಕೊಡವುತ್ತಾನೆ. ಟ್ರ್ಯಾಕ್ ಹಾಕಿ ಹಾಡಿದರೆ ಹಾಡು ಅಲ್ಲೇ ಸೋಲುತ್ತದೆ. ಒಬ್ಬನ ಮಾತು ಮುಗಿದು ಇನ್ನೊಬ್ಬನ ಮಾತು ಏಳುವ ನಡುವಿನ ಬಿಡುವು ಪ್ರತಿ ರಾತ್ರಿಯೂ ಒಂದೇ ಆಗಿರುವುದಿಲ್ಲ. ಆ ಬಿಡುವನ್ನು ಹಿಡಿದು ನಿಲ್ಲಿಸುವುದು ಕೀಬೋರ್ಡಿನವನ ಬೆರಳು ಮತ್ತು ತಬಲಾದವನ ಕಣ್ಣು.

4. ರಾತ್ರಿಯ ಹೊತ್ತು ನೋಡಿ, ಗಾಯಕನ ಗಂಟಲು ನೋಡಿ

1992ರ 'ಜೀವನ ಚೈತ್ರ'ದ 'ನಾದಮಯ' ಅಣ್ಣಾವ್ರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿ ತಂದ ಹಾಡು. ಉಪೇಂದ್ರಕುಮಾರ್ ಸಂಗೀತ. ಹಾಡಿದಾಗ ಅಣ್ಣಾವ್ರಿಗೆ ಅರವತ್ತು ದಾಟಿತ್ತು. ಪಟ್ಟಿ ಮಾಡುವ ವಿದ್ಯಾವಂತರು ಇದನ್ನು ಕಣ್ಣು ಮುಚ್ಚಿ ಒಂದನೆಯ ಸ್ಥಾನಕ್ಕೆ ಹಾಕುತ್ತಾರೆ. ಹಾಡುವವನ ಪಾಡು ಬೇರೆ. ಮಧ್ಯರಾತ್ರಿ ಕಳೆದ ಮೇಲೆ ಈ ಚೀಟಿ ಬಂದರೆ ನಾನು ಒಪ್ಪಿಕೊಳ್ಳುವುದಿಲ್ಲ, ನಾಳೆ ಬನ್ನಿ ಎನ್ನುತ್ತೇನೆ. ಗಾಯಕ ಬಿಸಿಯಾದ ಮೇಲೆ, ದಣಿಯುವ ಮುನ್ನ, ಮೂರನೆಯದೋ ನಾಲ್ಕನೆಯದೋ ಹಾಡಾಗಿ ಕೊಡಬೇಕು. ಎರಡು ಮನೆ ಇಳಿಸಿ ನುಡಿಸಲು ಹಿಂಜರಿಯಬಾರದು. ಟ್ರಾನ್ಸ್‌ಪೋಸ್ ಗುಂಡಿ ಇರುವುದೇ ಅದಕ್ಕೆ. ಮೂಲ ಶ್ರುತಿಯಲ್ಲೇ ಹಾಡಬೇಕೆಂಬ ಹಟಕ್ಕೆ ಬಿದ್ದು ಮೇಲಿನ ಷಡ್ಜದಲ್ಲಿ ಹಾಡು ಒಡೆದರೆ ಅವಮಾನವಾಗುವುದು ಹಾಡಿಗೆ.

'ಆಕಸ್ಮಿಕ'ದ 'ಹುಟ್ಟಿದರೆ ಕನ್ನಡನಾಡಲ್ಲಿ' ಇದಕ್ಕೆ ತದ್ವಿರುದ್ಧ. 1993ರಿಂದ ಈಚೆಗೆ ನವೆಂಬರ್ ತಿಂಗಳು ಈ ಹಾಡಿನದೇ. ಹಂಸಲೇಖ ಅದನ್ನು ಕಟ್ಟಿರುವುದೇ ಜನ ಜೊತೆಗೂಡಿ ಹಾಡಲೆಂದು. ಯಾರು ಹಾಡಿದರೂ ನಡೆಯುತ್ತದೆ, ಯಾವ ಹೊತ್ತಿನಲ್ಲಾದರೂ ನಡೆಯುತ್ತದೆ.

5. ಬರೆದವರನ್ನು ಹೆಸರು ಹಿಡಿದು ಹೇಳಿ

ಪಟ್ಟಿಗಳಲ್ಲಿ ಬಹುಪಾಲು ಹಾಡುಗಳ ಹಿಂದೆ ಚಿ. ಉದಯಶಂಕರ್ ಇದ್ದಾರೆ: 'ಯಾರೇ ಕೂಗಾಡಲಿ', 'ಆಡಿಸಿ ನೋಡು', 'ಜೇನಿನ ಹೊಳೆಯೋ', 'ನಾದಮಯ'. ವೇದಿಕೆಯಲ್ಲಿ ಅವರ ಹೆಸರು ಕೇಳುವುದೇ ಕಡಿಮೆ. ಇದು ನಮ್ಮ ಊರಿನದೊಂದೇ ಕಥೆಯಲ್ಲ. ಇಂಗ್ಲೆಂಡಿನ ಎಲ್ಟನ್ ಜಾನ್ ಪಿಯಾನೊ ಮುಂದೆ ಕೂತು ಹಾಡುವವರು; ಅವರ ಹಾಡುಗಳನ್ನೂ ಅಭಿಮಾನಿಗಳು ಹೀಗೇ ಒಂದು, ಎರಡು ಎಂದು ಸಾಲಿಗೆ ನಿಲ್ಲಿಸಿ ವಾದ ಮಾಡುತ್ತಾರೆ. ಆ ಹಾಡುಗಳ ಮಾತುಗಳಲ್ಲಿ ಹೆಚ್ಚಿನವು ಬರ್ನಿ ಟಾಪಿನ್ ಬರೆದವು. ಇಬ್ಬರೂ ಜೊತೆಯಾದದ್ದು 1967ರಲ್ಲಿ. ಹೊಗಳಿಕೆ ಮಾತ್ರ ಹಾಡಿದವರ ಪಾಲಿಗೆ. ನಾನು ಪ್ರತಿ ಹಾಡಿಗೂ ಮುನ್ನ ಬರೆದವರು, ರಾಗ ಹಾಕಿದವರು, ಹಾಡಿದವರು ಎಂದು ಮೂರು ಹೆಸರು ಹೇಳಿಸುತ್ತೇನೆ. ಹೀಗೆ ಹೇಳತೊಡಗಿದ ಮೇಲೆ ಯಳಂದೂರು ಕಡೆಯ ಹುಡುಗರು "ಉದಯಶಂಕರ್ ಪದ ಒಂದು ಬುಡಿ ಸಾ" ಎಂದು ಚೀಟಿ ಕಳಿಸಿದ್ದಾರೆ. ಅವತ್ತು ನನಗಾದ ಸಂತೋಷ ದೊಡ್ಡದು.

6. ಹನೂರಿನಾಚೆ ಇಳಯರಾಜ ಕೂಡ ಇದ್ದಾರೆ

ರಾಮಾಪುರ ದಾಟಿ ಮಾರ್ಟಳ್ಳಿ ಕಡೆ ಹೋದರೆ ಮನೆಮಾತು ತಮಿಳು. ಅಲ್ಲಿ ಹಾರ್ಮೋನಿಯಂ ಹಿಡಿದು ಹಾಡುವ ಇಳಯರಾಜರೇ ದೊಡ್ಡವರು. ಕನ್ನಡದ ಹುಡುಗರು ಅಣ್ಣಾವ್ರನ್ನು ಎತ್ತಿದರೆ ಅವರು ರಾಜಾ ಅವರನ್ನು ಎತ್ತುತ್ತಾರೆ, ಮಾತು ಬಿಸಿಯಾಗುತ್ತದೆ. ಅಂಥ ಕಡೆ ಜಿ.ಕೆ. ವೆಂಕಟೇಶ್ ಹಾಡು ಕೊಡಿ. 1976ರ 'ಅನ್ನಕ್ಕಿಳಿ'ಯಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಇಳಯರಾಜ ಕೆಲಸ ಕಲಿತದ್ದು ವೆಂಕಟೇಶ್ ಅವರ ಸಹಾಯಕರಾಗಿ. ಇದನ್ನು ಮೈಕಿನಲ್ಲಿ ಎರಡೂ ಭಾಷೆಯಲ್ಲಿ ಹೇಳಿಸಿ, ಒಂದು ಕನ್ನಡದ್ದು, ಒಂದು ತಮಿಳಿನದು ನುಡಿಸಿದರೆ ಎರಡೂ ಕಡೆಯವರು ಒಬ್ಬರ ಹಾಡಿಗೆ ಇನ್ನೊಬ್ಬರು ಚಪ್ಪಾಳೆ ತಟ್ಟುತ್ತಾರೆ.

7. ಓಲಗದವರನ್ನು ಕರೆಯಿರಿ

'ಸನಾದಿ ಅಪ್ಪಣ್ಣ' 1977ರ ಚಿತ್ರ. 'ಕರೆದರೂ ಕೇಳದೆ' ಹಾಡಿದ್ದು ಎಸ್. ಜಾನಕಿ, ಶಹನಾಯಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. ಅಣ್ಣಾವ್ರು ಹಾಡಿಲ್ಲ. ಆದರೂ ಜನರ ಪಟ್ಟಿಯಲ್ಲಿ ಅದು ಅಣ್ಣಾವ್ರದೇ, ಮೊದಲಿಗೆ ಹೇಳಿದ ಮೂರನೆಯ ಬಗೆ. ಕೀಬೋರ್ಡಿನಲ್ಲಿ ಶಹನಾಯಿ ದನಿ ಇದೆ, ನಿಜ, ಆದರೆ ಅದಕ್ಕೆ ಉಸಿರಿಲ್ಲ. ಊರಿನಲ್ಲೇ ಓಲಗ ಊದುವವರಿದ್ದರೆ ಅವರನ್ನು ಮರ್ಯಾದೆಯಿಂದ ವೇದಿಕೆಗೆ ಕರೆದು ಆ ಭಾಗವನ್ನು ಅವರಿಗೆ ಬಿಡಿ, ಸಂಭಾವನೆಯನ್ನೂ ಗಾಯಕರ ಸಮಕ್ಕೆ ಕೊಡಿ. ಮದುವೆ ಮನೆಯ ಮೂಲೆಯಲ್ಲಿ ಊದುತ್ತಾ ಬಂದವರು ನಡು ವೇದಿಕೆಯಲ್ಲಿ ನಿಂತು ಊದುವಾಗ ಆ ಚಿತ್ರ ಯಾರ ಬದುಕನ್ನು ಹೇಳಿತ್ತೋ ಅವರಿಗೇ ಹಾಡು ಸೇರುತ್ತದೆ.

8. ಪಟ್ಟಿ ಕಾಲದ ಜೊತೆ ಬದಲಾಗುತ್ತದೆ, ಅದಕ್ಕೆ ಬಿಡಿ

2000ದ ಜುಲೈ 30ರಂದು ಗಾಜನೂರಿನಿಂದ ಅಣ್ಣಾವ್ರ ಅಪಹರಣವಾಯಿತು. ಅಪಹರಿಸಿದ ವೀರಪ್ಪನ್ ಹುಟ್ಟೂರು ಗೋಪಿನಾಥಂ ಆಗ ಕೊಳ್ಳೇಗಾಲ ತಾಲ್ಲೂಕಿನ ಹಳ್ಳಿ, ಈಗ ಹನೂರಿನದು. ಅಣ್ಣಾವ್ರು ಸೆರೆಯಲ್ಲಿದ್ದ ಆ 108 ದಿನ ನಮ್ಮ ಕಡೆ ಯಾರೂ ಯಾವುದು ಮೇಲೆಂದು ವಾದಿಸಿದ್ದನ್ನು ನಾನು ಕೇಳಲಿಲ್ಲ. ಯಾವ ಹಾಡು ಎತ್ತಿದರೂ ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದರು. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡ ನಂತರ ಭಕ್ತಿಗೀತೆಗಳು ಮೇಲೆ ಬಂದವು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದ ಮೇಲೆ, 1982ರ 'ಚಲಿಸುವ ಮೋಡಗಳು' ಚಿತ್ರದಲ್ಲಿ ಬಾಲಕನಾಗಿ ಅವರೇ ಹಾಡಿದ್ದ 'ಕಾಣದಂತೆ ಮಾಯವಾದನು' ಎಲ್ಲವನ್ನೂ ಹಿಂದೆ ಹಾಕಿತು. ಅದು ಮಕ್ಕಳ ಕುಣಿತದ ಹಾಡಾಗಿತ್ತು. ಈಗ ಅದನ್ನು ಎಷ್ಟು ವೇಗವಾಗಿ ನುಡಿಸಬೇಕೆಂದು ಪ್ರತಿ ಸಲವೂ ಯೋಚಿಸಬೇಕು. ನಾನು ಮೂಲ ವೇಗವನ್ನೇ ಇಟ್ಟುಕೊಂಡಿದ್ದೇನೆ. ನಿಧಾನ ಮಾಡಿ ಅಳಿಸುವುದು ಆ ಮಗುವಿನ ದನಿಗೆ ಮಾಡುವ ಅನ್ಯಾಯ.

9. ಕೇಳಿದರೆ ನಿಮ್ಮ ಪಟ್ಟಿಯನ್ನೂ ಹೇಳಿ

ಮೇಷ್ಟ್ರು ಯಾರ ಕಡೆಗೂ ವಾಲಬಾರದು ಎನ್ನುವವರಿದ್ದಾರೆ. ನಾನು ಹೇಳಿಬಿಡುತ್ತೇನೆ. ಪಿಬಿಎಸ್ ಹಾಡಿದವುಗಳಲ್ಲಿ 'ಕಸ್ತೂರಿ ನಿವಾಸ'ದ 'ಆಡಿಸಿ ನೋಡು' ಮೊದಲು. 1971ರ ಆ ಹಾಡಿಗೆ ಎದುರಿಲ್ಲ. ಅಣ್ಣಾವ್ರೇ ಹಾಡಿದವುಗಳಲ್ಲಿ ಮೂರನೆಯದು 'ನಾದಮಯ', ಎರಡನೆಯದು 'ಜೇನಿನ ಹೊಳೆಯೋ'. ಮೊದಲನೆಯದು 'ಹೊಸ ಬೆಳಕು' ಚಿತ್ರದ 'ಕಣ್ಣೀರ ಧಾರೆ'. ಎಂ. ರಂಗರಾವ್ ಸಂಗೀತ, 1982. ಇದನ್ನು ಕೇಳಿ ಜೀವನ ಚೈತ್ರದವರು ಮುನಿಸಿಕೊಳ್ಳುತ್ತಾರೆ. ಅವರಿಗೆ ನನ್ನ ಉತ್ತರ ಇಷ್ಟೆ: 'ನಾದಮಯ'ದಲ್ಲಿ ಅಣ್ಣಾವ್ರು ತಮ್ಮ ವಿದ್ಯೆಯನ್ನೆಲ್ಲ ಹೊರಗಿಟ್ಟಿದ್ದಾರೆ. 'ಕಣ್ಣೀರ ಧಾರೆ'ಯಲ್ಲಿ ಅಷ್ಟೇ ವಿದ್ಯೆ ಇದ್ದೂ ಹೊರಗೆ ಬಾರದಂತೆ ತಡೆದು, ಪಕ್ಕದಲ್ಲಿ ಅಳುತ್ತಿರುವ ಒಬ್ಬರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹಾಡಿದ್ದಾರೆ. ಕಂಪನಿ ನಾಟಕದಲ್ಲಿ ಸಾವಿರ ಜನಕ್ಕೆ ಹಾಡಿ ಬೆಳೆದವರಿಗೆ ಹಾಗೆ ಹಾಡುವುದು ಎಷ್ಟು ಕಷ್ಟ ಎಂಬುದನ್ನು, ನಾಟಕದವರಿಗೆ ಮೈಕಿನ ಮುಂದೆ ಹಾಡಲು ಕಲಿಸಿದ ಯಾವ ಹಾರ್ಮೋನಿಯಂ ಮೇಷ್ಟ್ರನ್ನಾದರೂ ಕೇಳಿ.