ಸೊಂಟದ ಮೂಳೆ ಮುರಿದವರನ್ನು ಮಲಗಿಸಿಯೇ ಇಡಬೇಡಿ

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಗೆ ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ. ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದದ್ದೂ ಆಯಿತು. ಈಗ ಮನೆಮಂದಿಯೆಲ್ಲ ಹೇಳುವುದು ಒಂದೇ: ‘ನೀವು ಅಲುಗಾಡಬೇಡಿ, ಎಲ್ಲ ಕೂತಲ್ಲಿಗೇ ತಂದುಕೊಡ್ತೀವಿ.’ ಅಕ್ಕರೆಯ ಮಾತು ಹೌದು, ಆದರೆ ಈ ವಯಸ್ಸಿನಲ್ಲಿ ಮುರಿದ ಮೂಳೆಗಿಂತ ಹೆಚ್ಚು ಕಾಡುವುದು ಹಾಸಿಗೆಯೇ. ಬೆನ್ನುಹುಣ್ಣು, ಎದೆಯಲ್ಲಿ ಕಫ, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಎಲ್ಲವೂ ಮಲಗಿದ್ದಲ್ಲಿಗೇ ಬರುತ್ತವೆ.

ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಮರೆಯದೆ ಕೇಳಬೇಕಾದದ್ದು: ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮ್ಮವರಿಗೆ ಹೊಂದಬೇಕೆಂದಿಲ್ಲ.

<b>ಕೋಣೆ</b>

ಮಂಚದ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸೊಂಟಕ್ಕಿಂತ ಮೇಲೇಳಬಾರದು. ಕಾಲೊರೆಸುವ ಮ್ಯಾಟು, ಹರಡಿಕೊಂಡ ವೈರು ತೆಗೆಯಿರಿ. ರಾತ್ರಿ ಸಣ್ಣ ದೀಪವೊಂದು ಉರಿಯುತ್ತಿರಲಿ. ಸೀರೆಯ ನೆರಿಗೆ ವಾಕರ್‌ಗೆ ಸಿಕ್ಕಿಕೊಳ್ಳುತ್ತದೆ, ಸದ್ಯಕ್ಕೆ ಪಾದದಿಂದ ಮೇಲಿರುವ ನೈಟಿಯೇ ವಾಸಿ. ಕುಕ್ಕರುಗಾಲಿನ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ತರಿಸಿ, ಬಾಡಿಗೆಗೂ ಸಿಗುತ್ತದೆ. ಮುರಿದ ಮೂಳೆಯ ತಲೆ ತೆಗೆದು ಕೃತಕ ಚೆಂಡು ಕೂರಿಸಿದ್ದರೆ ಚಕ್ಕಳಮಕ್ಕಳ, ಮಣೆ, ಕಾಲ ಮೇಲೆ ಕಾಲು ಸದ್ಯಕ್ಕೆ ಬೇಡ. ಕೀಲು ಜಾರುವ ಭಯವಿರುತ್ತದೆ.

<b>ಹಾಸಿಗೆಯಲ್ಲಿ</b>

ತಾವಾಗಿ ಹೊರಳಲಾಗದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಗೆ ತಿರುಗಿಸುವಾಗ ಎರಡು ಮಂಡಿಗಳ ನಡುವೆ ದಿಂಬು ಇಡಿ. ಆಗಲೇ ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ನೋಡಿಕೊಳ್ಳಿ. ಕೆಂಪು ಕಂಡಲ್ಲಿ ಹೆಬ್ಬೆರಳಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಚರ್ಮ ಇನ್ನೂ ತಾಳಿಕೊಂಡಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಚರ್ಮದಲ್ಲಿ ಕೆಂಪು ಕಾಣಿಸದು, ಬಿಸಿಯಾಗಿದೆಯೇ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ಉಜ್ಜಬೇಡಿ, ಭಾರ ಬೀಳದಂತೆ ಮಲಗಿಸಿ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟರೆ ಹಿಮ್ಮಡಿ ಗಾಳಿಯಲ್ಲಿ ನಿಲ್ಲುತ್ತದೆ.

ಎಚ್ಚರವಿದ್ದಾಗ ಗಂಟೆಗೊಮ್ಮೆ ಪಾದವನ್ನು 10 ಸಲ ಮೇಲೆ ಕೆಳಗೆ ಆಡಿಸಲಿ, ನಾಲ್ಕೈದು ಸಲ ಆಳವಾಗಿ ಉಸಿರೆಳೆಯಲಿ. ಕಾಲು ಬಾತಿದೆಯೆಂದು ಎಣ್ಣೆ ಹಚ್ಚಿ ನೀವಲು ಬರುವ ನೆಂಟರನ್ನು ಮಾತ್ರ ಖಂಡಿತ ತಡೆಯಿರಿ. ಒಳಗೆ ಹೆಪ್ಪಿದ್ದರೆ ಅದು ಕದಲಿ ಶ್ವಾಸಕೋಶಕ್ಕೆ ಹೋದೀತು.

<b>ನಡಿಗೆ</b>

ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ಏಳಿಸಿ. ಮೊದಲು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಲಿ, ತಲೆ ಸುತ್ತಿಲ್ಲ ಎಂದರೆ ನಿಲ್ಲಲಿ. ಮುಂದೆ ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಮೆಟ್ಟಿಲು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಜೊತೆಗಿರುವವರು ರಟ್ಟೆ ಹಿಡಿದು ಎಳೆಯಬಾರದು, ನೋವಿರುವ ಕಡೆ ಸ್ವಲ್ಪ ಹಿಂದೆ ನಿಂತು ಸೊಂಟಕ್ಕೆ ಆಸರೆ ಕೊಟ್ಟರೆ ಸಾಕು.

<b>ಊಟ</b>

ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು. ಆದರೆ ಬರೀ ಗಂಜಿ ಕುಡಿಸಿದರೆ ಮಾಂಸಖಂಡ ಸೊರಗುತ್ತದೆ. ಮೊಟ್ಟೆ, ಬೇಳೆ, ಹಾಲು, ಮೀನು ಯಾವುದು ಒಗ್ಗುತ್ತದೋ ಅದನ್ನು ಪ್ರತಿ ಊಟದಲ್ಲೂ ಸೇರಿಸಿ. ಎದ್ದು ಹೋಗುವ ಕಷ್ಟಕ್ಕೆ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮಲಬದ್ಧತೆ, ಉರಿಮೂತ್ರ ಎರಡಕ್ಕೂ ಅದೇ ಮೂಲ.

<b>ತಡಮಾಡಬಾರದ ಲಕ್ಷಣಗಳು</b>

ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ಒಂದೇ ಮೀನಖಂಡ ಬಾತು ನೋಯುವುದು, ಗಾಯದಲ್ಲಿ ಕೀವು, ಜ್ವರ, ಕಾಲು ಗಿಡ್ಡವಾಗಿ ಹೊರಳಿದಂತೆ ಕಾಣುವುದು ಇವಕ್ಕೂ ಅದೇ ದಿನ ಆಸ್ಪತ್ರೆಗೆ ಹೋಗಿ. ರಾತ್ರಿ ಹಠಾತ್ತನೆ ಏನೇನೋ ಬಡಬಡಿಸತೊಡಗಿದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಬೇಡಿ. ಸೋಂಕು, ಸೋಡಿಯಂ ಇಳಿಕೆ, ಔಷಧದ ಪರಿಣಾಮ ಏನೂ ಇರಬಹುದು.

ನಿಂತಲ್ಲೇ ಬಿದ್ದು ಸೊಂಟ ಮುರಿದಿದ್ದರೆ ಮೂಳೆ ಮೊದಲೇ ಟೊಳ್ಳಾಗಿತ್ತೆಂದೇ ಲೆಕ್ಕ. ಮುಂದಿನ ಭೇಟಿಯಲ್ಲಿ ಅದಕ್ಕೆ ಚಿಕಿತ್ಸೆ ಕೇಳಿ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರೆ, ಬೆಳಗ್ಗೆ ಕಾಫಿಗೂ ಮುಂಚೆ, ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿಸಿ. ಆಮೇಲೆ ಅರ್ಧ ಗಂಟೆ ಮಲಗಲು ಬಿಡಬೇಡಿ, ಅನ್ನನಾಳ ಸುಡುತ್ತದೆ.