ಬೀರುವಿನಲ್ಲಿ ಉಳಿದ ಫೈಲು

ಗುರುಗ್ರಾಮದ ಸೆಕ್ಟರ್ 39ರಲ್ಲಿ ನಮ್ಮ ಮನೆ. ದೊಡ್ಡ ಆಸ್ಪತ್ರೆಗಳು ಹತ್ತಿರ. ಅಲ್ಲಿಗೆ ಬರುವ ಹೊರದೇಶದ ರೋಗಿಗಳಿಗೆ ಸುತ್ತಲಿನ ಮನೆಗಳಲ್ಲೇ ಬಾಡಿಗೆ ಕೋಣೆ. 2021ರ ಫೆಬ್ರವರಿಯಲ್ಲಿ ನಮ್ಮ ಮೇಲಿನ ಮಹಡಿಗೆ ಕಾಬೂಲಿನ ತಂದೆ-ಮಗ ಬಂದರು. ವಿದೇಶಿಯರಿಗೆ ಜಾಗ ಕೊಟ್ಟವರು ಆಗ 24 ತಾಸಿನೊಳಗೆ ಸಿ ಫಾರ್ಮ್ ತುಂಬಬೇಕಿತ್ತು. ಅದಕ್ಕಾಗಿ ಅವರ ಪಾಸ್‌ಪೋರ್ಟ್ ತಿರುವಿ ಹಾಕಿದೆ. ಭಾರತದ ಮುದ್ರೆ ಬಿಟ್ಟರೆ ಬೇರಾವ ದೇಶದ್ದೂ ಅದರಲ್ಲಿರಲಿಲ್ಲ.

ಹುಡುಗನಿಗೆ ಹದಿನಾಲ್ಕು ವರ್ಷ. ಹೃದಯಕ್ಕೆ ಲೋಹದ ಕವಾಟ ಹಾಕಿದ್ದರು. ಅಂಥವರು ಜೀವನವಿಡೀ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ಐಎನ್‌ಆರ್ ಪರೀಕ್ಷೆಯ ಅಂಕಿ ನೋಡಿ ಪ್ರಮಾಣ ಹೆಚ್ಚುಕಡಿಮೆ ಮಾಡಬೇಕು. ತಪ್ಪಿದರೆ ಒಂದೋ ರಕ್ತ ಹೆಪ್ಪುಗಟ್ಟುತ್ತದೆ, ಇಲ್ಲವೇ ಸೋರುತ್ತದೆ. ಏಪ್ರಿಲ್‌ನಲ್ಲಿ ಹೊರಟಾಗ, "ಸೆಪ್ಟೆಂಬರಿಗೆ ಮತ್ತೆ ಬರ್ತೀವಲ್ಲ ಬೆಹನ್‌ಜಿ, ಇದು ನಿಮ್ಮ ಹತ್ತಿರವೇ ಇರಲಿ" ಎಂದು ಆ ತಂದೆ ಮಗನ ಚಿಕಿತ್ಸೆಯ ದಪ್ಪ ಫೈಲನ್ನು ನನಗೊಪ್ಪಿಸಿದರು. ನಾನೂ ಬೀರುವಿನಲ್ಲಿಟ್ಟೆ. ಅದು ನನ್ನ ತಪ್ಪು.

ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. 25ರಂದು ಆದೇಶ ಬಂತು: ಭಾರತದಲ್ಲಿಲ್ಲದ ಅಫ್ಘನ್ನರ ಹಳೆಯ ವೀಸಾಗಳೆಲ್ಲ ರದ್ದು, ಇನ್ನು ಇ-ವೀಸಾ ಮಾತ್ರ. ಪಾಸ್‌ಪೋರ್ಟ್‌ಗಳು ಕಳುವಾಗಿವೆಯೆಂಬ ವರದಿಗಳಿದ್ದವು, ಎಚ್ಚರಿಕೆ ಬೇಕಿತ್ತು, ಒಪ್ಪುತ್ತೇನೆ. ಆದರೆ ರೋಗಿಗೊಂದು ಬೇರೆ ದಾರಿ ಇರಬೇಕಿತ್ತು. ಆ ದೇಶದ ಪಾಸ್‌ಪೋರ್ಟ್ ಎಷ್ಟು ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದೆಂದು ಅಳೆಯುವ ಹೆನ್ಲಿ ಪಟ್ಟಿಯಲ್ಲಿ ವರ್ಷಗಳಿಂದ ಕಟ್ಟಕಡೆಯದು. ಬೇರೆ ಬಾಗಿಲು ತಟ್ಟೋಣವೆಂದರೆ ಎಲ್ಲಿ ತಟ್ಟುವುದು? ಇಲ್ಲಿಂದ ನನ್ನ ಧಾರವಾಡಕ್ಕಿಂತ ಕಾಬೂಲೇ ಹತ್ತಿರ. ನಾನು ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಅವ್ವನ ಮನೆಯಲ್ಲಿರುತ್ತೇನೆ. ಅವರ ಅರ್ಜಿಗೆ ತಿಂಗಳುಗಟ್ಟಲೆ ಉತ್ತರವೇ ಇಲ್ಲ.

ಅಕ್ಟೋಬರಿನ ಒಂದು ರಾತ್ರಿ ಊಟದ ಮೇಜಿನ ಮೇಲೆ ಫೈಲು ಬಿಚ್ಚಿ, ಒಂದೊಂದೇ ಹಾಳೆಯ ಫೋಟೊ ತೆಗೆದು ಕಾಬೂಲಿಗೆ ಕಳಿಸಿದೆ. ಚೀಟಿಯಲ್ಲಿದ್ದದ್ದು ಮಾತ್ರೆಗೆ ಇಲ್ಲಿನ ಕಂಪನಿ ಇಟ್ಟ ಹೆಸರು. ಅಲ್ಲಿನ ಅಂಗಡಿಯವರಿಗೆ ಅರ್ಥವಾಗಲಿಲ್ಲ. ಮಾತ್ರೆಯ ಮೂಲ ಹೆಸರು ವಾರ್ಫರಿನ್ ಎಂದು ಡಾಕ್ಟರರಿಂದ ಬರೆಸಿ ಮತ್ತೆ ಕಳಿಸುವ ಹೊತ್ತಿಗೆ ಆರು ದಿನ ಕಳೆದಿತ್ತು. ಆ ಆರು ದಿನ ಹುಡುಗ ಅಳತೆಯಿಲ್ಲದೆ ಅರ್ಧರ್ಧ ಮಾತ್ರೆ ನುಂಗಿದ್ದ.

ಈಗ ಯಾರೇ ಹೊರಟರೂ ನಾನೇ ಅವರ ಚೀಲ ತೆರೆಸಿ ನೋಡುತ್ತೇನೆ: ಅಸಲು ಫೈಲು, ಸ್ಕ್ಯಾನಿನ ಸಿ.ಡಿ., ಔಷಧದ ಮೂಲ ಹೆಸರಿರುವ ಚೀಟಿ. ಮತ್ತೆ ಬರ್ತೀವಿ ಎಂದರೂ ಬಿಡುವುದಿಲ್ಲ.

ಹುಡುಗ ಇನ್ನೂ ಬಂದಿಲ್ಲ. ಹದಿನೈದು ದಿನಕ್ಕೊಮ್ಮೆ ಫೋನಿಗೆ ಒಂದು ಅಂಕಿ ಮಾತ್ರ ಬರುತ್ತದೆ. ನಿನ್ನೆ ಬಂದದ್ದು 2.6.